ಮುಂಬಯಿಗೆ ಹೋಗೋಣ, ಪ್ಯಾಕೇಜು ಬೇಡ

ನಮ್ಮ ಸಂಘದ ಈ ವರ್ಷದ ಕುಟುಂಬ ಪ್ರವಾಸ ಮುಂಬಯಿಗೆ ಎಂದು ಕಾರ್ಯಕಾರಿ ಸಮಿತಿಯು ತೀರ್ಮಾನಿಸಿರುವುದು ಸದಸ್ಯರೆಲ್ಲರಿಗೂ ತಿಳಿದ ವಿಷಯ. ತೀರ್ಮಾನ ಸಂತೋಷದ್ದೇ. ಆದರೆ ಪ್ರವಾಸದ ಹೊಣೆಯನ್ನು ಪೂರ್ತಿಯಾಗಿ ಒಂದು ಖಾಸಗಿ ಪ್ರವಾಸ ಸಂಸ್ಥೆಗೆ ಒಪ್ಪಿಸಿ, ವಿಮಾನ, ಹೋಟೆಲು, ಊಟ, ನೋಟ ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿಸಿ, ತಲೆಗಿಷ್ಟು ಎಂದು ದರ ನಿಗದಿಮಾಡುವ ಪ್ರಸ್ತಾಪವೂ ಅದರ ಜೊತೆಗೆ ಬಂದಿದೆ. ಇದನ್ನು ನಾನು ವಿರೋಧಿಸುತ್ತೇನೆ. ಯಾಕೆ ಎಂಬುದನ್ನು ಮುಂದಿನ ಮಹಾಸಭೆಗೆ ಮುಂಚೆಯೇ ಬರೆದು ತಿಳಿಸುವುದು ಒಳ್ಳೆಯದು. ಸಭೆಯಲ್ಲಿ ಮಾತಿಗೆ ಸಿಗುವುದು ಮೂರು ನಿಮಿಷ, ಅದರಲ್ಲಿ ಒಂದು ನಿಮಿಷ ಮೈಕಿನ ಕೂಗಾಟಕ್ಕೇ ಹೋಗುತ್ತದೆ.

ನನ್ನ ವಾದ ಇಷ್ಟೇ: ಮುಂಬಯಿಯಂಥ ಕಡಲತೀರದ ಮಹಾನಗರದಲ್ಲಿ ಸವಿಯತಕ್ಕದ್ದು ಬಹುಪಾಲು ಅಗ್ಗವಾದದ್ದು, ಎಲ್ಲರಿಗೂ ತೆರೆದದ್ದು. ಪ್ಯಾಕೇಜು ಅದನ್ನೆಲ್ಲ ಬಿಟ್ಟು, ಇಲ್ಲಿಯೇ ಸಿಗುವ ವಸ್ತುವನ್ನು ಅಲ್ಲಿ ದುಬಾರಿ ಬೆಲೆಗೆ ಮಾರುತ್ತದೆ. ಅದರ ಮೇಲೆ ನಮ್ಮಲ್ಲೇ ಒಂದು ಪಾಲು ಜನರನ್ನು ಬಾಗಿಲ ಹೊರಗೆ ನಿಲ್ಲಿಸುತ್ತದೆ. ಮೊದಲನೆಯದು ನಷ್ಟ, ಎರಡನೆಯದು ಅನ್ಯಾಯ.

ಪ್ರಸ್ತಾಪಿತ ಕಾರ್ಯಕ್ರಮದ ಪಟ್ಟಿಯನ್ನು ನೋಡಿ. ಶನಿವಾರ ಬೆಳಿಗ್ಗೆ ವಿಮಾನ. ಹವಾನಿಯಂತ್ರಿತ ಬಸ್ಸಿನಲ್ಲಿ ನಗರ ದರ್ಶನ. ಗೇಟ್‌ವೇ ಆಫ್ ಇಂಡಿಯಾದ ಮುಂದೆ ಅರ್ಧ ಗಂಟೆ, ಛಾಯಾಚಿತ್ರಕ್ಕಾಗಿ. ಸಿನಿಮಾ ನಟರ ಮನೆಗಳನ್ನು ಬಸ್ಸಿನೊಳಗಿಂದಲೇ ತೋರಿಸಲಾಗುವುದು. ಸಂಜೆ ಮೂರು ಗಂಟೆ ಮಾಲಿನಲ್ಲಿ ‘ಮುಕ್ತ ಸಮಯ’. ರಾತ್ರಿ ಹೋಟೆಲಿನಲ್ಲಿ ಬಫೆ ಊಟ. ಭಾನುವಾರ ನೀರಿನ ಆಟದ ಉದ್ಯಾನ, ಮತ್ತೆ ಬಫೆ, ಮತ್ತೆ ವಿಮಾನ.

ಸ್ವಾಮಿ, ಕೊಂಡಾಪುರದಲ್ಲಿ ವಾಸಿಸುವ ನಮಗೆ ಮಾಲು ನೋಡಲು ಮುಂಬಯಿಗೆ ಹೋಗಬೇಕೆ? ೧೯೯೮ರಲ್ಲಿ ಪಕ್ಕದ ಮಾದಾಪುರದಲ್ಲಿ ಸೈಬರ್ ಟವರ್ಸ್ ಎದ್ದು ನಿಂತಂದಿನಿಂದ ನಮ್ಮ ಸುತ್ತಮುತ್ತ ಗಾಜಿನ ಕಟ್ಟಡಗಳಿಗೆ ಬರವಿಲ್ಲ. ಗಾಜಿನ ಬಾಗಿಲು, ಚಲಿಸುವ ಮೆಟ್ಟಿಲು, ಜೋಳ ಹುರಿದ ವಾಸನೆ, ಮಕ್ಕಳನ್ನು ಕೂರಿಸಿ ಸುತ್ತಿಸುವ ಪುಟ್ಟ ರೈಲು ಇವೆಲ್ಲ ನಮ್ಮ ಮನೆಯಿಂದ ಆಟೋ ಹಿಡಿದರೆ ಹತ್ತು ನಿಮಿಷ. ಶನಿವಾರ ಭಾನುವಾರ ನಮ್ಮ ಎಷ್ಟೋ ಕುಟುಂಬಗಳು ಕಾಲ ಕಳೆಯುವುದೂ ಅಲ್ಲಿಯೇ. ಅದೇ ಅಂಗಡಿಗಳ ಅದೇ ಫಲಕಗಳನ್ನು ಎಂಟುನೂರು ಕಿಲೋಮೀಟರು ಹತ್ತಿರ ಹತ್ತಿರ ಪ್ರಯಾಣ ಮಾಡಿ ನೋಡಿಬರುವುದಕ್ಕೆ ಪ್ರವಾಸ ಎಂದು ಹೆಸರಿಡುವುದಾದರೆ, ಅಡಿಗೆಮನೆಯಿಂದ ಪಡಸಾಲೆಗೆ ಬರುವುದನ್ನೂ ತೀರ್ಥಯಾತ್ರೆ ಎನ್ನಬಹುದು.

ಇನ್ನೊಂದು ಸಂಗತಿಯನ್ನು ಬಸ್ಸಿನ ಮಾರ್ಗದರ್ಶಿ ಹೇಳಲಾರ. ಲೋವರ್ ಪರೇಲಿನಲ್ಲಿ ಇಂದು ದೊಡ್ಡ ಮಾಲು ನಿಂತಿರುವ ಜಾಗದಲ್ಲಿ ಮೊದಲಿದ್ದದ್ದು ಫೀನಿಕ್ಸ್ ಮಿಲ್ಲು, ೧೯೦೫ರಲ್ಲಿ ಆರಂಭವಾದ ಹತ್ತಿಗಿರಣಿ. ಆ ಸುತ್ತಿನ ಪ್ರದೇಶಕ್ಕೆ ಗಿರಣಗಾಂವ್, ಎಂದರೆ ಗಿರಣಿಗಳ ಊರು ಎಂದೇ ಹೆಸರು. ೧೯೮೨ರ ಜನವರಿ ೧೮ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಅಲ್ಲಿ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಆ ಮುಷ್ಕರ ಕ್ರಮಬದ್ಧವಾಗಿ ಮುಗಿಯಲೇ ಇಲ್ಲ. ಗಿರಣಿಗಳು ಒಂದೊಂದಾಗಿ ಕಣ್ಣು ಮುಚ್ಚಿದವು, ನೆಲ ಬೆಲೆಬಾಳಿತು, ಚಿಮಣಿಗಳಿದ್ದಲ್ಲಿ ಅಂಗಡಿಗಳು ಬಂದವು. ಮುಂಬಯಿಯ ಕಾರ್ಮಿಕ ಬದುಕಿನ ಕಾವನ್ನು ಕನ್ನಡದಲ್ಲಿ ಬರೆದವರು ವ್ಯಾಸರಾಯ ಬಲ್ಲಾಳರು. ಅವರ ‘ಬಂಡಾಯ’ ಕಾದಂಬರಿಗೆ ೧೯೮೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಆ ಮಾಲಿನಲ್ಲಿ ಮೂರು ಗಂಟೆ ‘ಮುಕ್ತ ಸಮಯ’ ಕಳೆಯುವ ನಮ್ಮ ಮಕ್ಕಳಿಗೆ ಈ ಒಂದು ಮಾತನ್ನಾದರೂ ಹೇಳುವವರು ಯಾರು?

ಇನ್ನು ಊಟದ ವಿಷಯ. ಪ್ಯಾಕೇಜಿನ ಬಫೆಯಲ್ಲಿ ನೂಡಲ್ಸು, ಪನೀರು, ಹಳದಿ ಅನ್ನ, ಒಂದು ಮೂಲೆಯಲ್ಲಿ ಆರಿ ಕಲ್ಲಾದ ಇಡ್ಲಿ ಇರುತ್ತವೆ. ಇದನ್ನು ತಿನ್ನಲು ಮುಂಬಯಿಗೆ ಹೋಗಬೇಕಾಗಿಲ್ಲ. ಮುಂಬಯಿಯ ಮಾಟುಂಗಾಕ್ಕೆ ಹೋಗಿ ನೋಡಿ. ರೈಲು ನಿಲ್ದಾಣದ ಸಮೀಪದಲ್ಲೇ, ಮಹಡಿಯ ಮೇಲೆ, ಎ. ರಾಮ ನಾಯಕರು ೧೯೪೨ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಮಹಾಯುದ್ಧದ ಕಾಲ, ಧಾನ್ಯಕ್ಕೆ ರೇಷನ್ ಬಂದ ಕಾಲ. ಆಗ ಹೊರಗಿನ ಊರಿನಿಂದ ಬಂದು ಕೋಣೆಯೊಂದರಲ್ಲಿ ಐದಾರು ಜನ ಮಲಗುತ್ತಿದ್ದ ಗುಮಾಸ್ತರಿಗೆ, ವಿದ್ಯಾರ್ಥಿಗಳಿಗೆ ಮನೆಯ ಊಟವಿಕ್ಕಿದ ಇಂಥ ಬೋರ್ಡಿಂಗುಗಳೇ ತಾಯಿಮನೆ. ಈಗಲೂ ಬಾಳೆಯೆಲೆ ಹಾಕುತ್ತಾರೆ. ಅನ್ನ, ಸಾರು, ಪಲ್ಯ, ಮಜ್ಜಿಗೆ ಬರುತ್ತವೆ. ಪಕ್ಕದಲ್ಲಿ ಕುಳಿತವರು ಗುಜರಾತಿಗಳೋ ಮರಾಠಿಗರೋ ತಮಿಳರೋ ಆಗಿರುತ್ತಾರೆ. ಎಲ್ಲರೂ ಕೈಯಲ್ಲಿ ಕಲಸಿ ಉಣ್ಣುತ್ತಾರೆ. ಅಲ್ಲಿಂದ ಕಿಂಗ್ಸ್ ಸರ್ಕಲ್ಲಿಗೆ ನಡೆದರೆ ಕಾಮತ್ ಕುಟುಂಬದ ಕೆಫೆ ಮದ್ರಾಸ್. ಅದು ೧೯೪೦ರದ್ದು. ಭಾನುವಾರ ಬೆಳಿಗ್ಗೆ ಅದರ ಮುಂದೆ ಸರದಿಯಲ್ಲಿ ನಿಂತವರ ಕಡೆ ನೋಡಿದರೆ ಒಂದು ಊರೇ ನೀರ್ದೋಸೆಗೂ ರಸಂ ವಡೆಗೂ ಕಾಯುತ್ತಿದೆಯೇನೋ ಎನಿಸುತ್ತದೆ. ಹೆಸರು ಮದ್ರಾಸ್, ಮಾಲೀಕರು ಕೆನರಾದವರು, ತಿನ್ನುವವರು ಇಡೀ ಭಾರತದವರು.

ಉಡುಪಿ ಹೋಟೆಲು ಎಂಬ ಮಾತನ್ನು ನಾವು ಲಘುವಾಗಿ ಆಡುತ್ತೇವೆ. ದಕ್ಷಿಣ ಕನ್ನಡದ ಹಳ್ಳಿಗಳಿಂದ ಹತ್ತು ಹನ್ನೆರಡು ವರ್ಷದ ಹುಡುಗರು ಬಂದು, ಲೋಟ ತೊಳೆದು, ಮೇಜು ಒರೆಸಿ, ರಾತ್ರಿ ಶಾಲೆಯಲ್ಲಿ ಕಣ್ಣು ಮುಚ್ಚದಂತೆ ಕುಳಿತು ಓದಿ ಮೇಲೆ ಬಂದ ಚರಿತ್ರೆ ಅದು. ಕಡಲಿನ ಮಕ್ಕಳಾದ ಮೊಗವೀರರು ೧೯೦೨ರಲ್ಲಿಯೇ ಮುಂಬಯಿಯಲ್ಲಿ ತಮ್ಮ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿಕೊಂಡರು. ಹಗಲು ದುಡಿಯುವ ಹುಡುಗರಿಗಾಗಿ ರಾತ್ರಿ ಶಾಲೆ ನಡೆಸಿದರು. ಮಾಟುಂಗಾದ ಮೈಸೂರು ಅಸೋಸಿಯೇಶನ್ನು ೧೯೨೬ರದ್ದು. ಮಾಟುಂಗಾ ಪಶ್ಚಿಮದ ಕರ್ನಾಟಕ ಸಂಘ ೧೯೩೩ರದ್ದು. ಅದರ ಸಭಾಗೃಹಕ್ಕೆ ವಿಶ್ವೇಶ್ವರಯ್ಯನವರ ಹೆಸರಿದೆ. ೧೯೬೦ರ ದಶಕದ ಕೊನೆಯಲ್ಲಿ ದಕ್ಷಿಣ ಭಾರತೀಯರ ವಿರುದ್ಧ ಚಳವಳಿಯೆದ್ದಾಗ ಉಡುಪಿ ಹೋಟೆಲುಗಳು ಅದರ ಬಿಸಿಯನ್ನು ಕಂಡವು. ಅಂಗಡಿ ಮುಚ್ಚಿ ಓಡಿಹೋಗಲಿಲ್ಲ. ಮರುದಿನ ಹಿಟ್ಟು ರುಬ್ಬಿದರು. ಪರಊರಿನಲ್ಲಿ ಕನ್ನಡ ಸಂಘ ಕಟ್ಟಿಕೊಂಡು ಬಾಳುವ ನಾವು ಮುಂಬಯಿಗೆ ಹೋಗಿ ಈ ಅಣ್ಣಂದಿರ ಬಾಗಿಲನ್ನು ತಟ್ಟದೆ ಬರುವುದಾದರೆ, ನಾವು ಹೋದದ್ದಾದರೂ ಎಲ್ಲಿಗೆ?

ವಾರಾಂತ್ಯದ ಕಾರ್ಯಕ್ರಮಗಳ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಮುಂಬಯಿಯ ಕನ್ನಡ ಸಂಸ್ಥೆಗಳಲ್ಲಿ ಶನಿವಾರ ಭಾನುವಾರ ನಾಟಕವೋ ಯಕ್ಷಗಾನವೋ ಉಪನ್ಯಾಸವೋ ಇರುವುದು ಸಾಮಾನ್ಯ. ಮೊದಲೇ ಒಂದು ಪತ್ರ ಬರೆದು ಕೇಳಿದರೆ ಸಾಕು. ಕಾಲಾ ಘೋಡಾ ಎಂಬ ಬೀದಿಯ ಸುತ್ತ ೧೯೯೯ರಿಂದ ಒಂದು ಕಲೋತ್ಸವ ನಡೆದುಬರುತ್ತಿದೆ. ಸಾಮಾನ್ಯವಾಗಿ ಫೆಬ್ರವರಿಯಲ್ಲಿ, ಒಂಬತ್ತು ದಿನ. ಅದರ ಬೀದಿಯ ಪ್ರದರ್ಶನಗಳಿಗೆ ಟಿಕೆಟ್ಟಿಲ್ಲ. ಅಲ್ಲೇ ಇರುವ ಜಹಾಂಗೀರ್ ಕಲಾ ಗ್ಯಾಲರಿ ೧೯೫೨ರದ್ದು, ಅದಕ್ಕೂ ಪ್ರವೇಶಧನವಿಲ್ಲ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ೧೯೧೧ರಲ್ಲಿ ಹುಟ್ಟಿ, ಇದೇ ನಗರದಲ್ಲಿ ನೆಲೆಸಿ, ಲೋಕದ ಮನ್ನಣೆ ಪಡೆದ ಚಿತ್ರಕಾರರು ಕೆ. ಕೆ. ಹೆಬ್ಬಾರರು. ಗೋಡೆಗೆ ತೂಗಿದ ಚಿತ್ರದ ಮುಂದೆ ಹತ್ತು ನಿಮಿಷ ಸುಮ್ಮನೆ ನಿಲ್ಲುವ ಅಭ್ಯಾಸವನ್ನು ಒಂದು ಮಗು ಕಲಿತರೆ, ಪ್ರವಾಸದ ಖರ್ಚು ಅಲ್ಲಿಯೇ ವಸೂಲಾದಂತೆ.

ಈಗ ಕಡಲಿಗೆ ಬರೋಣ. ನಮ್ಮ ಹೈದರಾಬಾದು ಸಮುದ್ರಮಟ್ಟದಿಂದ ಐನೂರು ಮೀಟರಿಗೂ ಮಿಕ್ಕಿದ ಎತ್ತರದಲ್ಲಿ, ಕರಿಕಲ್ಲು ಬಂಡೆಗಳ ಮೇಲೆ ಕುಳಿತ ಊರು. ಇಲ್ಲಿ ಹುಟ್ಟಿದ ಮಕ್ಕಳಲ್ಲಿ ಅನೇಕರು ಸಮುದ್ರವನ್ನು ಕಂಡಿರುವುದು ಪರದೆಯ ಮೇಲೆ ಮಾತ್ರ. ಅವರಿಗೆ ಬೇಕಾದದ್ದು ನೀರಿನ ಆಟದ ಉದ್ಯಾನವಲ್ಲ. ಸಂಜೆ ಮರೀನ್ ಡ್ರೈವಿನ ಕಟ್ಟೆಯ ಮೇಲೆ ಅವರನ್ನು ಕೂರಿಸಿ. ಮೂರೂವರೆ ಕಿಲೋಮೀಟರು ಉದ್ದದ ಆ ಕಟ್ಟೆಯ ಮೇಲೆ ಕೂರಲು ಯಾರೂ ಕಾಸು ಕೇಳುವುದಿಲ್ಲ. ಅಲ್ಲಿ ಕೋಟ್ಯಧೀಶನ ಪಕ್ಕದಲ್ಲಿ ಕಡಲೆಕಾಯಿ ಮಾರುವವನು ಕೂರುತ್ತಾನೆ. ಹಾಜಿ ಅಲಿ ದರ್ಗಾಕ್ಕೆ ಹೋಗುವ ಹಾದಿಯನ್ನು ತೋರಿಸಿ. ಭರತದ ವೇಳೆಯಲ್ಲಿ ಆ ಹಾದಿ ನೀರಿನಲ್ಲಿ ಮುಳುಗುತ್ತದೆ, ಇಳಿತದಲ್ಲಿ ಮತ್ತೆ ಮೇಲೇಳುತ್ತದೆ. ದಿನಕ್ಕೆ ಎರಡು ಭರತ, ಎರಡು ಇಳಿತ. ಪ್ರತಿದಿನವೂ ಹಿಂದಿನ ದಿನಕ್ಕಿಂತ ಸುಮಾರು ಐವತ್ತು ನಿಮಿಷ ತಡ, ಏಕೆಂದರೆ ಚಂದ್ರನೂ ಅಷ್ಟು ತಡವಾಗಿ ನೆತ್ತಿಗೆ ಬರುತ್ತಾನೆ. ಇದನ್ನು ಶಾಲೆಯ ಪುಸ್ತಕದಲ್ಲಿ ಬಾಯಿಪಾಠ ಮಾಡಿದ ಹುಡುಗ, ಶನಿವಾರ ನೋಡಿದ ಹಾದಿ ಭಾನುವಾರ ಅದೇ ಗಂಟೆಗೆ ಬೇರೆ ಸ್ಥಿತಿಯಲ್ಲಿರುವುದನ್ನು ಕಣ್ಣಾರೆ ಕಂಡರೆ, ಭೌತಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇಕೆ? ಬಿ.ಎಸ್‌ಸಿ. ಓದಿ ಕಡತ ಕಟ್ಟುವ ಕೆಲಸಕ್ಕೆ ಬಂದವನ ಹಳೆಯ ಹುಚ್ಚು ಇದು ಎಂದು ಬೇಕಾದರೆ ನಗಿರಿ. ಆದರೆ ಆ ಪ್ರಯೋಗಶಾಲೆಗೆ ಟಿಕೆಟ್ಟಿಲ್ಲ ಎಂಬುದನ್ನು ಮರೆಯಬೇಡಿ.

ಎಲಿಫೆಂಟಾ ದ್ವೀಪ ಪ್ಯಾಕೇಜಿನಲ್ಲಿ ಇಲ್ಲ. ‘ಸಮಯ ಸಾಲದು’ ಎಂಬ ಟಿಪ್ಪಣಿ ಇದೆ. ಗೇಟ್‌ವೇಯ ಮುಂದೆ ಅರ್ಧ ಗಂಟೆ ನಿಲ್ಲಲು ಸಮಯವಿದೆ, ಅಲ್ಲಿಂದ ಒಂದು ಗಂಟೆಯ ದೋಣಿ ಪ್ರಯಾಣಕ್ಕೆ ಸಮಯವಿಲ್ಲ! ೧೯೧೧ರಲ್ಲಿ ಬಂದಿಳಿದ ಇಂಗ್ಲಿಷ್ ದೊರೆಯ ನೆನಪಿಗೆ ಕಟ್ಟಿ ೧೯೨೪ರಲ್ಲಿ ಮುಗಿಸಿದ ಕಮಾನನ್ನು ನೋಡಬೇಕು, ಬಂಡೆಯ ಹೊಟ್ಟೆಯಲ್ಲಿ ಇಪ್ಪತ್ತು ಅಡಿಯ ಹತ್ತಿರ ಎತ್ತರ ನಿಂತ ಮೂರು ಮುಖದ ಸದಾಶಿವನನ್ನು ನೋಡಬಾರದು. ಕ್ರಿ.ಶ. ೬೩೪ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಯ ನೌಕಾಪಡೆ ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿಯನ್ನು ಮುತ್ತಿದ್ದನ್ನು ಬಣ್ಣಿಸಿದ್ದಾನೆ. ಆ ಪುರಿ ಈ ಘಾರಾಪುರಿಯೇ, ಎಂದರೆ ಎಲಿಫೆಂಟಾವೇ ಎಂದು ಹೇಳುವ ವಿದ್ವಾಂಸರಿದ್ದಾರೆ. ಬಾದಾಮಿಯ ದೊರೆಯ ಹಡಗುಗಳು ಬಂದಿರಬಹುದಾದ ನೀರಿನ ಮೇಲೆ ಸಾಗುವುದು ನಮ್ಮ ಮಕ್ಕಳಿಗೆ ಬೇಡವೆ?

ಇದಕ್ಕಿಂತಲೂ ಹತ್ತಿರದ ನಂಟು ಕನ್ಹೇರಿಯದು. ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದೊಳಗೆ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳಿವೆ. ಅಲ್ಲಿ ಶಾತವಾಹನ ಅರಸರ ಕಾಲದ ಶಾಸನಗಳಿವೆ; ಒಂಬತ್ತನೆಯ ಶತಮಾನದ ರಾಷ್ಟ್ರಕೂಟ ಅಮೋಘವರ್ಷನ ಹೆಸರು ಹೊತ್ತ ಶಾಸನಗಳೂ ಇವೆ. ಅವನ ಸಾಮಂತರಾದ ಶಿಲಾಹಾರರ ಆಳ್ವಿಕೆಯಲ್ಲಿ ಭಿಕ್ಷುಗಳ ಬಟ್ಟೆಗೆ, ಪುಸ್ತಕಕ್ಕೆ, ಗುಹೆಯ ದುರಸ್ತಿಗೆ ಎಂದು ಹಣ ಬಿಟ್ಟ ದಾನದ ವಿವರ ಆ ಕಲ್ಲಿನ ಮೇಲಿದೆ. ಅಮೋಘವರ್ಷನೆಂದರೆ ಕವಿರಾಜಮಾರ್ಗದ ಕಾಲದ ನೃಪತುಂಗ. ಹೈದರಾಬಾದಿನ ಕನ್ನಡಿಗರಾದ ನಮಗೆ ಕಾಚಿಗುಡದ ನೃಪತುಂಗ ಶಾಲೆಯ ಹೆಸರಿನಲ್ಲಿ ನಿತ್ಯ ಪರಿಚಿತ. ಶಾಲೆಯ ಫಲಕದ ಮೇಲಿನ ಹೆಸರು ಕಡಲತೀರದ ಒಂದು ಗುಹೆಯ ಗೋಡೆಯ ಮೇಲೂ ಇದೆ ಎಂಬುದನ್ನು ನಮ್ಮಲ್ಲಿ ಎಷ್ಟು ಜನ ಮಕ್ಕಳಿಗೆ ಹೇಳಿದ್ದೇವೆ?

ವಿಮಾನ ಬೇಡ ಎಂದು ನಾನು ಹೇಳುವುದಕ್ಕೂ ಇದೇ ಕಾರಣ. ಹೈದರಾಬಾದಿನಿಂದ ಮುಂಬಯಿಗೆ ಹೋಗುವ ಹುಸೇನ್‌ಸಾಗರ್ ಎಕ್ಸ್‌ಪ್ರೆಸ್ ನಮ್ಮ ಮಗ್ಗುಲಿನ ಲಿಂಗಂಪಲ್ಲಿಯಲ್ಲಿಯೇ ನಿಲ್ಲುತ್ತದೆ. ಅಲ್ಲಿಂದ ವಿಕಾರಾಬಾದು, ತಾಂಡೂರು, ಸೇಡಂ, ಚಿತ್ತಾಪುರ, ವಾಡಿ, ಕಲಬುರಗಿ, ಸೊಲ್ಲಾಪುರ, ಪುಣೆ. ಸೇಡಂ ದಾಟಿದ ಮೇಲೆ ಬರುವ ಪುಟ್ಟ ನಿಲ್ದಾಣ ಮಳಖೇಡ ರೋಡ್. ಅದೇ ಮಾನ್ಯಖೇಟ, ಅಮೋಘವರ್ಷನ ರಾಜಧಾನಿ. ಒಂದೇ ರೈಲುದಾರಿಯ ಮೇಲೆ ಒಂದು ಕಡೆ ಅರಸನ ಊರು, ಮತ್ತೊಂದು ತುದಿಯಲ್ಲಿ ಅವನ ಹೆಸರಿನ ಶಾಸನ! ದಾರಿಯಲ್ಲಿ ಕಿಟಕಿಯ ಹೊರಗೆ ಕಣ್ಣಿಟ್ಟರೆ ಇನ್ನೊಂದು ಪಾಠವೂ ಆಗುತ್ತದೆ. ಲಿಂಗಂಪಲ್ಲಿಯ ಕರಿಕಲ್ಲು ಬಂಡೆ ಮುಗಿದು ವಿಕಾರಾಬಾದಿನ ಕೆಂಪು ಮಣ್ಣು. ತಾಂಡೂರಿನಿಂದ ಮುಂದೆ, ನಮ್ಮ ಮನೆಗಳ ನೆಲಕ್ಕೆ ಹಾಸುವ ಸುಣ್ಣಕಲ್ಲಿನ ಗಣಿಗಳು. ಆಮೇಲೆ ಕಪ್ಪು ಎರೆನೆಲ. ಕೊನೆಗೆ ಮುಂಬಯಿಯಲ್ಲಿ, ಆರೂವರೆ ಕೋಟಿ ವರ್ಷಗಳ ಹಿಂದಿನ ಲಾವಾದ ಶಿಲೆ, ಎಲಿಫೆಂಟಾವನ್ನೂ ಕನ್ಹೇರಿಯನ್ನೂ ಕಡೆದ ಶಿಲೆ. ಒಂದೂವರೆ ಗಂಟೆಯ ವಿಮಾನದಲ್ಲಿ ಇದರಲ್ಲೊಂದೂ ಕಾಣದು. ಮೋಡ ಕಾಣುತ್ತದೆ, ಅದು ಕೊಂಡಾಪುರದ ತಾರಸಿಯಿಂದಲೂ ಕಾಣುತ್ತದೆ.

ಇಷ್ಟು ಹೊತ್ತು ಪ್ಯಾಕೇಜಿನಿಂದಾಗುವ ನಷ್ಟದ ಮಾತಾಯಿತು. ಇನ್ನು ಅನ್ಯಾಯದ ಮಾತು. ಲೇಖನ ಬರೆಯಲು ನಿಜವಾಗಿ ಪ್ರೇರಣೆ ಇದೇ.

ನಮ್ಮ ಸಂಘದಲ್ಲಿ ಯಾರಿದ್ದಾರೆ? ಸಾಫ್ಟ್‌ವೇರ್ ಕಂಪನಿಗಳ ಮಿತ್ರರಿದ್ದಾರೆ. ಪ್ಯಾಕೇಜಿನ ದರ ಅವರಿಗೆ ಭಾರವಲ್ಲ. ನನ್ನಂಥ ಕೇಂದ್ರ ಸರ್ಕಾರದ ಗುಮಾಸ್ತರಿದ್ದಾರೆ. ನಾಲ್ಕು ವರ್ಷಗಳ ಅವಧಿಯಲ್ಲಿ ಒಮ್ಮೆ ಸರ್ಕಾರದ ರಜಾ ಪ್ರವಾಸ ರಿಯಾಯಿತಿಯ ಆಸರೆ ನಮಗುಂಟು, ಆದರೂ ಈ ದರದಲ್ಲಿ ನಾಲ್ವರ ಕುಟುಂಬ ಹೊರಟರೆ ತಿಂಗಳ ಲೆಕ್ಕ ತಲೆಕೆಳಗಾಗುತ್ತದೆ. ಇನ್ನೊಂದು ವರ್ಗವಿದೆ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳಿಂದ ಬಂದು ಇದೇ ಕೊಂಡಾಪುರ, ಮಿಯಾಪುರ, ಗಚ್ಚಿಬೌಲಿಯ ಕಟ್ಟಡಗಳಲ್ಲಿ ಗಾರೆ ಕಲಸುವವರು, ಕಾವಲು ಕಾಯುವವರು, ಕಾರು ನಡೆಸುವವರು, ಮನೆಗಳಲ್ಲಿ ಅಡಿಗೆ ಮಾಡುವವರು. ರಾಜ್ಯೋತ್ಸವದ ದಿನ ಚಪ್ಪರ ಕಟ್ಟಲು ಇವರು ಬರುತ್ತಾರೆ. ನಮ್ಮೆಲ್ಲರಿಗಿಂತ ಸೊಗಸಾದ ಕನ್ನಡ ಆಡುತ್ತಾರೆ. ಅವರ ಮಕ್ಕಳೇ ಕೋಲಾಟದಲ್ಲಿ ಮೊದಲ ಸಾಲು. ಇವರಿಗೆ ಯಾವ ರಿಯಾಯಿತಿಯೂ ಇಲ್ಲ. ಪ್ರವಾಸದ ದರದ ಚೀಟಿಯನ್ನು ನೋಡಿ ಇವರು ಜಗಳಕ್ಕೆ ಬರುವುದಿಲ್ಲ. ‘ಈ ಸಲ ಆಗಲ್ಲರೀ’ ಎಂದು ಹೇಳಿ ಸುಮ್ಮನಾಗುತ್ತಾರೆ. ಮುಂದಿನ ಸಲ ಕೇಳುವುದೂ ಇಲ್ಲ. ಹೀಗೆ ಸದ್ದಿಲ್ಲದೆ ಸಂಘ ಎರಡಾಗುತ್ತದೆ.

ಇನ್ನೂ ಒಂದು ಮಾತು ನೆನಪಿರಲಿ. ೧೯೫೬ರ ನವೆಂಬರ್ ೧ರವರೆಗೆ ಬೀದರ್, ಕಲಬುರಗಿ, ರಾಯಚೂರು ಹೈದರಾಬಾದು ಸಂಸ್ಥಾನದ, ಆಮೇಲೆ ಹೈದರಾಬಾದು ರಾಜ್ಯದ ಜಿಲ್ಲೆಗಳೇ ಆಗಿದ್ದವು. ಅದೇ ದಿನದವರೆಗೆ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಮುಂಬಯಿ ರಾಜ್ಯದಲ್ಲಿದ್ದವು. ಎಂದರೆ ಕಲಬುರಗಿಯ ಕೂಲಿಗೆ ಹೈದರಾಬಾದು, ಧಾರವಾಡದ ಗುಮಾಸ್ತನಿಗೆ ಮುಂಬಯಿ ಒಂದು ಕಾಲದಲ್ಲಿ ಸ್ವಂತ ರಾಜಧಾನಿ. ಇಂಥವರನ್ನು ಮನೆಯಲ್ಲಿ ಬಿಟ್ಟು, ಕೆಲವೇ ಕುಟುಂಬಗಳು ಸಂಘದ ಬ್ಯಾನರು ಹಿಡಿದು ಗೇಟ್‌ವೇಯ ಮುಂದೆ ನಿಂತು ತೆಗೆಸಿದ ಛಾಯಾಚಿತ್ರವನ್ನು ಈ ಪತ್ರಿಕೆಯ ಮುಖಪುಟದಲ್ಲಿ ಅಚ್ಚು ಮಾಡಿದರೆ, ಅದರ ಕೆಳಗೆ ‘ನಮ್ಮ ಸಂಘದ ಪ್ರವಾಸ’ ಎಂದು ಬರೆಯುವುದು ಸತ್ಯವಾದೀತೆ?

ವಿರೋಧ ಪಕ್ಷದ ವಾದಗಳನ್ನೂ ನಾನು ಬಲ್ಲೆ.

‘ವಾರವೆಲ್ಲ ದುಡಿದಿರುತ್ತೇವೆ, ಎರಡು ದಿನ ತಲೆಬಿಸಿಯಿಲ್ಲದೆ ಸುಖವಾಗಿರಬೇಡವೆ?’ ಎನ್ನುತ್ತಾರೆ. ಇರಬೇಕು. ಆದರೆ ಬೆಳಿಗ್ಗೆ ನಾಲ್ಕಕ್ಕೆದ್ದು ಶಂಷಾಬಾದಿಗೆ ಓಡಿ, ಸಾಮಾನಿಗಾಗಿ ಕಾದು, ಬಸ್ಸಿನಲ್ಲಿ ಮುಂಬಯಿಯ ರಸ್ತೆಯ ಗೊಂದಲದಲ್ಲಿ ಸಿಕ್ಕಿಬೀಳುವುದು ಸುಖವೆ? ರಾತ್ರಿ ಎಲ್ಲರೂ ಒಂದೇ ಬೋಗಿಯಲ್ಲಿ ಕೂತು, ಮನೆಯಿಂದ ಕಟ್ಟಿ ತಂದ ಚಪಾತಿ, ಶೇಂಗಾ ಚಟ್ನಿ, ಮೊಸರನ್ನ ಹಂಚಿಕೊಂಡು, ಹಾಡು ಹೇಳಿ ಮಲಗಿದರೆ ಪ್ರವಾಸ ಲಿಂಗಂಪಲ್ಲಿಯಲ್ಲಿಯೇ ಆರಂಭವಾಗುತ್ತದೆ.

‘ವೃದ್ಧರೂ ಮಕ್ಕಳೂ ನಡೆಯಲಾರರು’ ಎನ್ನುತ್ತಾರೆ. ಈ ವಾದದಲ್ಲಿ ತಿರುಳಿದೆ. ಎಲಿಫೆಂಟಾದಲ್ಲಿ ಮೆಟ್ಟಿಲು ಬಹಳ. ಕನ್ಹೇರಿಯಲ್ಲಿ ಬಂಡೆ ಹತ್ತಬೇಕು. ಆದ್ದರಿಂದ ತಂಡವನ್ನು ಎರಡು ಮಾಡಿ. ಹತ್ತಬಲ್ಲವರು ಗುಹೆಗೆ ಹೋಗಲಿ. ಉಳಿದವರು ೧೯೨೨ರಲ್ಲಿ ತೆರೆದ, ಈಗ ಛತ್ರಪತಿ ಶಿವಾಜಿ ಮಹಾರಾಜರ ಹೆಸರು ಹೊತ್ತ ವಸ್ತುಸಂಗ್ರಹಾಲಯದಲ್ಲಿ ನೆರಳಿನಲ್ಲಿ ಕಾಲ ಕಳೆಯಲಿ. ಎಲ್ಲರನ್ನೂ ಬಸ್ಸಿನೊಳಗೆ ಕೂರಿಸುವುದು ವೃದ್ಧರ ಸೇವೆಯೆಂದು ನಾನೊಪ್ಪಲಾರೆ.

‘ಏನಾದರೂ ಅವಘಡವಾದರೆ ಹೊಣೆ ಯಾರು?’ ಎನ್ನುತ್ತಾರೆ. ೨೦೨೪ರ ಡಿಸೆಂಬರಿನಲ್ಲಿ ಎಲಿಫೆಂಟಾಕ್ಕೆ ಹೊರಟ ಪ್ರಯಾಣಿಕರ ದೋಣಿಗೆ ನೌಕಾಪಡೆಯ ವೇಗದ ದೋಣಿ ಅಪ್ಪಳಿಸಿ ಹತ್ತಕ್ಕೂ ಹೆಚ್ಚು ಜನ ಸತ್ತದ್ದನ್ನು ಯಾರೂ ಮರೆತಿಲ್ಲ. ಅದರ ಪಾಠ ದೋಣಿ ಹತ್ತಬಾರದೆಂದಲ್ಲ; ಜೀವರಕ್ಷಕ ಅಂಗಿ ತೊಡದೆ ಒಬ್ಬರೂ ಹತ್ತಬಾರದು, ತುಂಬಿ ತುಳುಕುವ ದೋಣಿಯನ್ನು ಬಿಟ್ಟು ಮುಂದಿನದಕ್ಕೆ ಕಾಯಬೇಕು ಎಂದು. ಇದನ್ನು ನೋಡಿಕೊಳ್ಳಲು ನಮ್ಮಲ್ಲೇ ನಾಲ್ವರು ಜವಾಬ್ದಾರಿಯ ಸ್ವಯಂಸೇವಕರು ಸಿಗುವುದಿಲ್ಲವೆ? ಗಣೇಶನ ಉತ್ಸವದಲ್ಲಿ ಸಾವಿರ ಜನರಿಗೆ ಎಲೆ ಹಾಕಿ ಬಡಿಸುವ ಸಂಘ ನಮ್ಮದು!

ಆದ್ದರಿಂದ ಮಹಾಸಭೆಯ ಮುಂದೆ ನಾನು ಇಡುವ ಸಲಹೆಗಳು ಇವು. ಒಂದು, ಪ್ರವಾಸವನ್ನು ಸಂಘವೇ ನಡೆಸಲಿ. ಐದು ಜನರ ಉಪಸಮಿತಿ ರಚನೆಯಾಗಲಿ, ಅದರಲ್ಲಿ ಇಬ್ಬರು ಮಹಿಳೆಯರಿರಲಿ, ಒಬ್ಬರಾದರೂ ದಿನಗೂಲಿಯ ಕುಟುಂಬದವರಿರಲಿ. ಎರಡು, ದರವನ್ನು ಹೋಟೆಲಿನ ನಕ್ಷತ್ರ ಎಣಿಸಿ ನಿಗದಿ ಮಾಡದೆ, ನಮ್ಮಲ್ಲಿ ಅತಿ ಕಡಿಮೆ ಆದಾಯದವರು ಎಷ್ಟು ಕೊಡಬಲ್ಲರೆಂದು ಕೇಳಿ ನಿಗದಿ ಮಾಡಲಿ. ಅನುಕೂಲಸ್ಥರು ಹೆಚ್ಚು ಕೊಡಲಿಚ್ಛಿಸಿದರೆ ಅದು ಹೆಸರಿಲ್ಲದೆ ಪೆಟ್ಟಿಗೆಗೆ ಬೀಳಲಿ. ಯಾರು ಎಷ್ಟು ಕೊಟ್ಟರೆಂಬ ಪಟ್ಟಿ ಈ ಪತ್ರಿಕೆಯಲ್ಲಿ ಅಚ್ಚಾಗುವುದು ಬೇಡ. ಮೂರು, ರೈಲಿನ ಮಲಗುವ ಬೋಗಿಯಲ್ಲಿ ಎಲ್ಲರಿಗೂ ಒಂದೇ ದರ್ಜೆ. ನಾಲ್ಕು, ತಂಗಲು ಮಾಟುಂಗಾ, ದಾದರು ಸುತ್ತಿನಲ್ಲಿ ಸ್ವಚ್ಛವಾದ ಸಾಧಾರಣ ವಸತಿ. ಅಲ್ಲಿನ ಕನ್ನಡ ಸಂಘಗಳಿಗೆ ಎರಡು ತಿಂಗಳು ಮುಂಚೆ ಪತ್ರ. ಐದು, ಹೊರಡುವ ಮೊದಲು ಒಂದು ಭಾನುವಾರ ಮಕ್ಕಳನ್ನು ಕೂಡಿಸಿ, ಯಶವಂತ ಚಿತ್ತಾಲರು, ಜಯಂತ ಕಾಯ್ಕಿಣಿಯವರು ಮುಂಬಯಿಯ ಬಗ್ಗೆ ಬರೆದ ಕತೆಗಳಲ್ಲಿ ಒಂದನ್ನಾದರೂ ಓದಿಸಿ. ಕಾಯ್ಕಿಣಿಯವರ ಮುಂಬಯಿ ಕತೆಗಳ ಇಂಗ್ಲಿಷ್ ಅನುವಾದಕ್ಕೆ ೨೦೧೮ನೇ ಸಾಲಿನ ದಕ್ಷಿಣ ಏಷ್ಯಾ ಸಾಹಿತ್ಯದ ಡಿ.ಎಸ್.ಸಿ. ಪ್ರಶಸ್ತಿ ಬಂದಿದೆ, ಕನ್ನಡದಲ್ಲಿ ಓದಲಾರದ ನಮ್ಮ ಮಕ್ಕಳು ಅದನ್ನಾದರೂ ಓದಲಿ.

ಕೆಲವು ಸಣ್ಣ ವಿವರಗಳನ್ನು ಉಪಸಮಿತಿ ಮರೆಯಬಾರದು. ಎಲಿಫೆಂಟಾವೂ ಕನ್ಹೇರಿಯೂ ಸೋಮವಾರ ಮುಚ್ಚಿರುತ್ತವೆ. ಆದ್ದರಿಂದ ಶನಿವಾರ ಒಂದು, ಭಾನುವಾರ ಒಂದು. ಭಾನುವಾರ ಲೋಕಲ್ ರೈಲಿನ ಮಾರ್ಗಗಳಲ್ಲಿ ದುರಸ್ತಿಗಾಗಿ ‘ಮೆಗಾ ಬ್ಲಾಕ್’ ಇರುವುದುಂಟು; ಹಿಂದಿನ ದಿನವೇ ವಿಚಾರಿಸಿಟ್ಟುಕೊಳ್ಳಬೇಕು. ಮಳೆಗಾಲದಲ್ಲಿ ಕಡಲು ಒರಟು; ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಹಿತ. ದಾರಿಯ ತಿಂಡಿಗೆ ವಡಾಪಾವ್ ಸಾಕು. ಓಡಾಡಿ ದುಡಿಯುವವರು ನಿಂತಲ್ಲೇ ತಿಂದು ಮುಂದೆ ಹೋಗುವ ಊಟ ಅದು, ಪೋರ್ಚುಗೀಸರು ತಂದ ಬ್ರೆಡ್ಡಿಗೂ ನಮ್ಮ ಆಲೂಗೆಡ್ಡೆ ಬೋಂಡಕ್ಕೂ ಆದ ಮದುವೆ.

ಇಷ್ಟರ ಮೇಲೂ ಪ್ಯಾಕೇಜೇ ಬೇಕೆನ್ನುವವರನ್ನು ತಡೆಯುವ ಹಕ್ಕು ನನಗಿಲ್ಲ. ಅವರವರ ದುಡ್ಡು, ಅವರವರ ರಜೆ. ಅವರು ತಮ್ಮ ಕುಟುಂಬದೊಡನೆ ಧಾರಾಳವಾಗಿ ಹೋಗಿಬರಲಿ. ನಾವು ಬೀಳ್ಕೊಡಲು ಬರುತ್ತೇವೆ. ಸಂಘದ ಹೆಸರನ್ನು ಮಾತ್ರ ಅದಕ್ಕೆ ಅಂಟಿಸಬೇಡಿ. ಸಂಘವೆಂಬುದು ಕಡಿಮೆ ಬೆಲೆಗೆ ಟಿಕೆಟ್ಟು ಸಿಗಲೆಂದು ಕೂಡಿದ ಗಿರಾಕಿಗಳ ಗುಂಪಲ್ಲ.

ಮಹಾಸಭೆಯಲ್ಲಿ ಈ ವಿಷಯ ಮತಕ್ಕೆ ಬಂದಾಗ ಸದಸ್ಯರು ಒಂದೇ ಪ್ರಶ್ನೆಯನ್ನು ಕೇಳಿಕೊಳ್ಳಲಿ ಎಂದು ಬೇಡಿಕೊಳ್ಳುತ್ತೇನೆ: ರಾಜ್ಯೋತ್ಸವದ ಚಪ್ಪರ ಕಟ್ಟಿದವರು ಈ ರೈಲಿನಲ್ಲಿ ಇರುತ್ತಾರೆಯೇ? ಇರುತ್ತಾರೆ ಎಂದಾದರೆ ಕೈ ಎತ್ತಿ. ಇಲ್ಲವಾದರೆ ಪ್ರಸ್ತಾಪವನ್ನು ಹಿಂದಕ್ಕೆ ಕಳಿಸಿ.